ಕೌಂಟರಿನ ಈಚೆ

ಮೂರು ದಿನ ಸುಮ್ಮನಿರು ಅಂದರೆ ನನ್ನ ಗಂಡ ಫೆರ್ಮೀನನಿಗೆ ಜೈಲಿಗೆ ಹಾಕಿದ ಹಾಗೆ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಡಿಸೆಂಬರಿನ ಸಾಲು ರಜೆಗೆ ಊರಿನ ನಮ್ಮ ಬಾರಿಗೆ ಬೀಗ ಹಾಕಿಸಿ, ಅವನನ್ನು ಎಳೆದುಕೊಂಡು ಲೆಯೋನ್ ನಗರಕ್ಕೆ ಬಂದಿದ್ದೆ. ಬೆಳಗಿನ ಕಾಫಿಯಿಂದ ಸಂಜೆಯ ವೈನಿನವರೆಗೆ ಇಡೀ ಊರಿಗೆ ಅದೊಂದೇ ಬಾರು. ಹಾಗಾಗಿ ಮದುವೆಯಾದ ಮೇಲೆ ಇದೇ ನಮ್ಮ ಮೊದಲ ಪ್ರವಾಸ.

ಪ್ರವಾಸ ಬರೀ ನೆಪ. ಬಾರನ್ನು ಕೊಳ್ಳುತ್ತೇವೆಂದು ಪಕ್ಕದೂರಿನವರು ಬಂದಿದ್ದರು, ಸೋಮವಾರ ಉತ್ತರ ಹೇಳಬೇಕಿತ್ತು. ಅಲ್ಲಿ ಅವನು ಕೌಂಟರಿನಲ್ಲಿ ನಿಂತು ಊರವರೊಡನೆ ನಗುತ್ತಾನೆ, ನಾನು ಹಿಂದೆ ಅಡುಗೆಮನೆಯಲ್ಲಿ ಎಣ್ಣೆಯ ಹೊಗೆ ಕುಡಿಯುತ್ತೇನೆ. ನನ್ನ ಮಂಡಿ ಸವೆದು ಹೋಗಿದೆ. ಇನ್ನೊಂದು ಚಳಿಗಾಲ ಆ ಒಲೆಯ ಮುಂದೆ ನಿಲ್ಲಲು ನನ್ನಿಂದಾಗದು. ಬಾರಿಲ್ಲದೆಯೂ ಬದುಕಬಹುದು ಎಂದು ಅವನಿಗೆ ತೋರಿಸಬೇಕಿತ್ತು, ಅಷ್ಟೇ.

ತೋರಿಸಿದ್ದೂ ಆಯಿತು! ದೊಡ್ಡ ಚರ್ಚಿನ ಬಣ್ಣದ ಗಾಜು ನೋಡಲು ನಾನು ತಲೆ ಎತ್ತಿದರೆ, ಇವನು ಗಡಿಯಾರ ನೋಡುತ್ತಿದ್ದ.

"ಈಗ ಹಾಲಿನ ಗಾಡಿ ಬರೋ ಹೊತ್ತು."

"ಬೀಗ ಹಾಕಿದೆ, ಹಾಲು ಯಾರಿಗೆ? ತಲೆ ಮೇಲೆ ಸುರ್ಕೋತೀಯಾ?"

"ಸುಮ್ನೆ ಹೇಳ್ದೆ ಮಾರಾಯ್ತಿ."

ಹಳೇ ಪೇಟೆಯ ಬಾರುಗಳಲ್ಲಂತೂ ಇನ್ನೂ ಫಜೀತಿ. ಒಂದು ಲೋಟ ವೈನಿಗೆ ಒಂದು ತಟ್ಟೆ ತಿಂಡಿ ಪುಕ್ಕಟೆ ಕೊಡುವ ಊರು ಅದು. ನಾನು ಬೆಳ್ಳುಳ್ಳಿ ಸೂಪು ಊದಿಕೊಂಡು ಕೂತಿದ್ದರೆ, ಇವನು ಪಕ್ಕದ ಮೇಜಿನ ಖಾಲಿ ಲೋಟಗಳನ್ನು ಒಟ್ಟುಮಾಡಿ ಕೌಂಟರಿಗೆ ಒಯ್ದಿಟ್ಟ. "ಕೂತ್ಕೋ!" ಎಂದೆ. ಕೂತ. ಮಂಡಿ ಮಾತ್ರ ಕುಣಿಯುತ್ತಲೇ ಇತ್ತು, ಅದರ ಜೊತೆ ಮೇಜೂ.

ಭಾನುವಾರ ಮಧ್ಯಾಹ್ನ "ಪೇಪರ್ ತರ್ತೀನಿ" ಎಂದು ಹೋಟೆಲಿನಿಂದ ಹೋದವನು ಬರಲೇ ಇಲ್ಲ. ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. ಕೋಟು ಸಿಕ್ಕಿಸಿಕೊಂಡು ಹೊರಟೆ. ಮಂಜು ಕವಿದಿತ್ತು, ಕಲ್ಲುಹಾಸು ಜಾರುತ್ತಿತ್ತು. ಮೊದಲು ಹೆದರಿದೆ, ಆಮೇಲೆ ಬಯ್ದೆ, ಮತ್ತೆ ಹೆದರಿದೆ.

ಸಿಕ್ಕಿದ. ಮೂಲೆಯ ಒಂದು ಬಾರಿನಲ್ಲಿ, ಕೌಂಟರಿನ ಆಚೆ! ಹೆಗಲ ಮೇಲೆ ಬಟ್ಟೆ, ಅಂಗಿಯ ತೋಳು ಮಡಿಚಿದೆ, ಎರಡೂ ಕೈಯಲ್ಲಿ ಕಪ್-ಸಾಸರು. ಕೆಲಸದವನು ಕೈಕೊಟ್ಟಿದ್ದನಂತೆ, ಜನ ಬಾಗಿಲವರೆಗೆ ತುಂಬಿದ್ದರು. ಇಷ್ಟು ದಿನ ಕಾಣದ ಕಳೆ ಈಗ ಅವನ ಮುಖದ ಮೇಲಿತ್ತು. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ! ನನ್ನ ಪಿತ್ತ ನೆತ್ತಿಗೇರಿತು. ಸೋಮವಾರದ ಉತ್ತರ ನನಗೆ ಆಗಲೇ ಸಿಕ್ಕಿಬಿಟ್ಟಿತ್ತು: ಇವನು ಬಾರು ಬಿಡುವವನಲ್ಲ.

"ನಿಮ್ಮೆಜಮಾನ್ರು ಬಂಗಾರ ಕಣ್ರೀ!" ಎಂದಳು ಬಾರಿನ ಒಡತಿ, ನಾನು ಅವನನ್ನು ದುರುಗುಟ್ಟುವುದು ನೋಡಿ. "ಯಾರಿಗೆ ಏನು ಅಂತ ಒಂದ್ಸಲ ಹೇಳಿದ್ರೆ ಸಾಕು."

"ಬೇಕಿದ್ರೆ ನೀವೇ ಇಟ್ಕೊಳ್ಳಿ," ಎಂದು ಸ್ಟೂಲು ಎಳೆದು ಕೂತೆ.

ಫೆರ್ಮೀನ್ ಬೆಪ್ಪಾದ. "ಅವೆಲಿನಾ, ಒಂದೈದು ನಿಮಿಷ ಅಂತ..."

"ನಂಗೊಂದು ಕಾಫಿ ಕೊಡು."

ಬೈಗುಳ ತಪ್ಪಿತೆಂದು ಹುರುಪಿನಿಂದ ಯಂತ್ರದ ಕಡೆ ತಿರುಗಿದ. ಪುಡಿ ಒತ್ತಿದ, ಕಾಫಿ ಇಳಿಸಿದ. ಹಾಲಿನ ಜಗ್ಗು ಎತ್ತಿದವನು ಹಾಗೆಯೇ ನಿಂತ. ನಮ್ಮೂರಿನ ಪಾದ್ರಿಗೆ ಗಾಜಿನ ಲೋಟದಲ್ಲಿ, ಹಾಲು ಉಗುರುಬೆಚ್ಚಗೆ. ಅಂಚೆಯವಳಿಗೆ ಒಂದೇ ತೊಟ್ಟು. ಸತ್ತುಹೋದವರ ಕಾಫಿ ಕೂಡ ಅವನಿಗೆ ನೆನಪಿದೆ.

"ನಿಂಗೆ... ಹಾಲು ಎಷ್ಟು?"

ಕೇಳಿದ್ದೇನೆಂದು ಅವನಿಗೇ ಆಮೇಲೆ ಹೊಳೆಯಿತು. ಕಿವಿ ಕೆಂಪಾದವು.

ಬಯ್ಯಲು ಬಾಯಿ ತೆರೆದೆ. ಎಷ್ಟೆಂದು ಹೇಳುವುದು? ಗಿರಾಕಿಗಳು ಹೋದ ಮೇಲೆ ಉಳಿದದ್ದನ್ನು ಒಲೆಯ ಪಕ್ಕ ನಿಂತೇ ಕುಡಿದವಳು ನಾನು, ಹೇಗಿದ್ದರೆ ಹಾಗೆ.

"ನಂಗೂ ಗೊತ್ತಿಲ್ಲ," ಎಂದೆ. ಅಳು ಬಂತು. ತಡೆಯಲಿಲ್ಲ.

"ಇನ್ನೆರಡು ಕಾಫಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಫೆರ್ಮೀನ್ ತಿರುಗಿ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹಾಲನ್ನು ತೊಟ್ಟು ತೊಟ್ಟಾಗಿ ಬಿಟ್ಟ. ಬಣ್ಣ ನನಗೆ ಹಿಡಿಸಿದಾಗ ಸಾಕೆಂದು ಕೈ ಎತ್ತಿದೆ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಒಡತಿಗೆ ಕೊಟ್ಟು, ಕೌಂಟರನ್ನು ಸುತ್ತಿಕೊಂಡು ಈಚೆ ಬಂದು ನನ್ನ ಪಕ್ಕ ಕೂತ.

"ಬಿಸಿ ಇದ್ದಾಗ್ಲೇ ಕುಡಿ," ಎಂದ. "ನಾಳೆ ಅವ್ರಿಗೆ ನಾನೇ ಫೋನ್ ಮಾಡ್ತೀನಿ. ಬಾರು ಕೊಟ್ಬಿಡೋಣ."

ಸ್ಟೂಲಿನ ಮೇಲೆ ಅವನ ಮಂಡಿ ಮತ್ತೆ ಕುಣಿಯತೊಡಗಿತು. ಕುಣಿಯಲಿ ಎಂದು ಬಿಟ್ಟೆ.