ಪಲ್ದನನ ಕಣ್ಣಿಗೆ ಕರಗಿದ ಹೊಲ

ಒಮ್ಮೆ ಪಲ್ದನ್ ಹಿಮನದಿಯನ್ನು ದುರುಗುಟ್ಟಿ ನೋಡಿದ್ದಕ್ಕೆ ಅದು ಹೆದರಿ ಏಳು ಹೆಜ್ಜೆ ಹಿಂದೆ ಸರಿದಿತ್ತು. ಇವನು ರೆಪ್ಪೆ ಬಡಿದ ಮೇಲಷ್ಟೇ ಅಂಜುತ್ತಂಜುತ್ತ ಮೂರು ಹೆಜ್ಜೆ ಮುಂದೆ ಬಂತು. ಹಾಗೆಂದವನು ಪಲ್ದನನೇ. ಝನ್ಸ್ಕಾರ ಕಣಿವೆಯ ಚಳಿಗಾಲ ಉದ್ದ. ಒಲೆಯ ಮುಂದೆ ಕೂತವರು ಇಂಥದ್ದನ್ನೂ ಕೇಳುತ್ತಾರೆ.

ಅಲ್ಲಿ ನೆಲ ಕಲ್ಲಾಗುವ ಮೊದಲೇ ಪ್ರತಿ ಮನೆಯವರೂ ಒಣಮಣ್ಣು ಅಗೆದು ಚೀಲ ತುಂಬಿಡುತ್ತಾರೆ. ಏಪ್ರಿಲ್ ಬಂದಾಗ ಅದನ್ನು ಹೊಲದ ಹಿಮದ ಮೇಲೆ ಎರಚುವುದು. ಬಿಳಿ ಹಿಮ ಬಿಸಿಲನ್ನು ಬಂದ ದಾರಿಗೇ ಅಟ್ಟುತ್ತದೆ. ಕರಿಮಣ್ಣು ಗಟಗಟ ಕುಡಿಯುತ್ತದೆ. ಗಾಳಿ ಮೂಗು ಕುಯ್ಯುವಷ್ಟು ತಣ್ಣಗಿದ್ದರೂ ಮಣ್ಣಿನಡಿಯ ಹಿಮ ನೀರಾಗುತ್ತದೆ. ಹಾಗೆ ಬೇಗ ಬಿತ್ತಿದರೆ ಬಾರ್ಲಿ ಮಾಗೀತು. ತಡವಾಯಿತೋ, ಹಸಿರು ತೆನೆಯ ಮೇಲೆಯೇ ಮುಂದಿನ ಹಿಮ.

ಆ ವರ್ಷ ಪಲ್ದನ್ ಒಂದು ಹಿಡಿ ಮಣ್ಣನ್ನೂ ಕೂಡಿಡಲಿಲ್ಲ. ಕೇಳಿದವರಿಗೆಲ್ಲ, "ಮಣ್ಯಾಕ್ರೋ? ನಂಗೆ ಕಣ್ಣಿಲ್ವಾ?" ಎಂದ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಗುಡ್ಡದ ತಿರುವಿನಾಚೆ ಅವನ ಹೊಲ ನೋಡಿದ ಊರು ಬೆಚ್ಚಿಬಿತ್ತು. ಹೊಲವೆಲ್ಲ ಕಪ್ಪು! ಬದುವಿನ ಪಕ್ಕ ನೀರು ಜುಳುಜುಳು! ಮೇಷ್ಟರು ಅಂಗ್‌ಚುಕ್ ಶಾಲೆಯ ಉಷ್ಣಮಾಪಕವನ್ನೇ ಹಿಡಿದು ತಂದರು. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಕೊಡವಿ ನೋಡಿದರು, ಆರೇ. ಬಾಯಿ ಮುಚ್ಚಲು ಮರೆತ ಮೂವರಿಗೆ ನಾಲಿಗೆಯ ಮೇಲೆ ಮಂಜು ಕಟ್ಟಿತು.

"ಎಲ್ಲಿಂದ ತಂದ್ಯೋ ಮಣ್ಣು?"

"ಮಣ್ಣಲ್ಲ ಮೇಷ್ಟ್ರೇ, ಹಿಮ ಸೀದಿರೋದು. ಒಂಚೂರು ಜಾಸ್ತಿ ಹೊತ್ತು ನೋಡ್ಬಿಟ್ಟೆ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ, ಎಲ್ಲರ ಬಾಯಲ್ಲೂ ಅಬಿ ಪುಟಿತ್, ಕೋಲೂರಿಕೊಂಡು ಬಂದಳು. ಪಲ್ದನ್ ಉಪ್ಪು-ಬೆಣ್ಣೆ ಚಹಾ ಕುಡಿಯುತ್ತಿದ್ದ.

"ಏಳೋ. ಬಂದು ನನ್ ಹೊಲಾನೂ ಒಂದ್ಸಲ ನೋಡು."

"ನಿಮ್ಮತ್ರ ಮೂರು ಚೀಲ ಮಣ್ಣಿತ್ತಲ್ಲ ಅಬಿ?"

"ನಿನ್ನೆನೇ ಯಾಕ್ ಎತ್ತಿನ ಮೇಲೆ ಹೇರಿ ಮೇಲೂರಿನ ತಂಗಿಗೆ ಕಳಿಸ್ಬಿಟ್ಟೆ. ನಿಮ್ಮಜ್ಜ ಮಂತ್ರ ಹಾಕಿ ಆಲಿಕಲ್ಲು ನಿಲ್ಲಿಸ್ತಿದ್ರು. ಆ ವಂಶದ ಕಣ್ಣು ಪಕ್ಕದಲ್ಲೇ ಇರೋವಾಗ ನಂಗ್ಯಾಕೆ ಮಣ್ಣು?"

ಪಲ್ದನ್ ಚಹಾದ ಬಟ್ಟಲು ಕೆಳಗಿಟ್ಟ. ಇವಳೊಬ್ಬಳು ನಂಬಿಬಿಟ್ಟಳಲ್ಲ! ಅಬಿಗೆ ಇರುವುದು ಆ ಒಂದೇ ಹೊಲ. ಹೆಂಡತಿ ಯಂಗ್‌ಡೋಲ್ ಒಲೆ ಕಡೆಯಿಂದ ತಿರುಗದೆಯೇ, "ಹೋಗ್ರೀ, ನೋಡ್ಬನ್ನಿ. ಕಣ್ಣಿದೆಯಲ್ಲ!" ಎಂದಳು.

ಅಬಿಯ ಹೊಲದ ಬದುವಿನ ಮೇಲೆ ನಿಂತ. ನೋಡಿದ. ಸೂರ್ಯ ನೆತ್ತಿಗೇರಿದರೂ ಹೊಲ ಒಗೆದು ಹಾಸಿದ ಬಟ್ಟೆಯಂತೆ ಬೆಳ್ಳಗೇ ಇತ್ತು. ಅವನ ಕಣ್ಣಲ್ಲಿ ನೀರು ಬಂದು ರೆಪ್ಪೆಯ ಮೇಲೆ ಹರಳಾಯಿತು. ಅಬಿ ಮಾತ್ರ ಮಡಿಲಿನಿಂದ ಹುರಿಹಿಟ್ಟು ತೆಗೆದು ಅವನ ಅಂಗೈಗೆ ಸುರಿದಳು.

"ತಿನ್ನು. ನೋಡಿ ನೋಡಿ ಸುಸ್ತಾಗಿರ್ತೀಯ. ಹೋದ್ವರ್ಷದ್ದು ಇಷ್ಟೇ ಉಳಿದಿರೋದು. ನೀನು ಕರಗಿಸಿದ್ರೆ ಹೊಸದು ಬರುತ್ತಲ್ಲ."

ಹಿಟ್ಟು ಬಾಯಿಗೆ ಹೋಗಲಿಲ್ಲ.

"ಅಬಿ, ಅದು ನನ್ನ ಕಣ್ಣಲ್ಲ."

"ಮತ್ತೆ?"

"ನಮ್ಮನೆ ಕಕ್ಕಸಿನ ಗೊಬ್ಬರ. ಇಡೀ ಚಳಿಗಾಲದ್ದು, ಒಲೆ ಬೂದಿ ಸೇರಿಸಿ. ಬೆಳಕು ಹರಿಯೋ ಮೊದ್ಲು ನಾನೂ ಅವಳೂ ಹೊತ್ತು ಎರಚಿದ್ವಿ. ಚಳಿಗೆ ನಾತ ಹೆಪ್ಪುಗಟ್ಟಿತ್ತು, ಯಾರಿಗೂ ಗೊತ್ತಾಗ್ಲಿಲ್ಲ."

ಅಬಿ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ, ಥೇಟ್ ಹಿಮನದಿಯಂತೆ.

"ಹೊಡೀಬೇಡಿ! ಇನ್ನೂ ಮೂವತ್ತು ಚೀಲ ಉಳಿದಿದೆ. ಈಗ್ಲೇ ತಂದು ನಿಮ್ಮ ಹೊಲಕ್ಕೆ ಹಾಕ್ತೀನಿ."

"ಮೂವತ್ತಾ?"

ಪಲ್ದನ್ ನೆಲ ನೋಡಿದ.

"ಮೂರು, ಅಬಿ. ಮೂರೇ."