ಕವಳಿ ಹಣ್ಣಾಗುವವರೆಗೆ

ವೈಶಾಖದ ಬಿಸಿಲು. ಮಧ್ಯಾಹ್ನದ ಊಟ ಮುಗಿಸಿ ಊರೆಲ್ಲ ಒಂದು ಜಂಪು ಕಣ್ಣು ಮುಚ್ಚುವ ಹೊತ್ತು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದೆ. ಕಲಘಟಗಿಯ ಬಸ್ಸು ನಿಂತು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಒಂದು ವಾಯರಿನ ಚೀಲ ಹಿಡಿದು ನಮ್ಮ ಅಕ್ಕ ಮಲ್ಲಕ್ಕ ಬಾಗಿಲಲ್ಲಿ ನಿಂತಿದ್ದಳು. ಅಳ್ನಾವರದ ಗಂಡನ ಮನೆಯಿಂದ ಒಬ್ಬಳೇ ಬಂದಿದ್ದಳು. ಬರುತ್ತೇನೆಂದು ಒಂದು ಮಾತು ಹೇಳಿರಲಿಲ್ಲ.

ನನ್ನ ಹೆಂಡತಿ ಕಸ್ತೂರೆವ್ವ ತಂಬಿಗೆಯಲ್ಲಿ ನೀರು, ಒಂದು ಹೆಂಟೆ ಬೆಲ್ಲ ತಂದು ಮುಂದಿಟ್ಟಳು. ಅಕ್ಕ ಅದರ ಕಡೆ ನೋಡಲೂ ಇಲ್ಲ.

"ಹೊಳ್ಯಾ, ಗುಡ್ಡದಾಗ ಕವಳಿ ಹಣ್ಣಾಗ್ಯಾವೇನೋ?"

"ಮೊದ್ಲ ನೀರು ಕುಡಿ ಬೇ."

"ಹಣ್ಣಾಗ್ಯಾವೋ ಇಲ್ಲೋ, ಅಷ್ಟ ಹೇಳು."

"ಇನ್ನೂ ಕಾಯಿ ಅದಾವು. ಮುಟ್ಟಿದ್ರ ಹಾಲು ಸೋರ್ತೈತಿ."

"ಹಂಗಾರ ಹಣ್ಣಾಗೂಮಟ ನಾ ಇಲ್ಲೇ," ಎಂದವಳೇ ತಂಬಿಗೆ ಎತ್ತಿ ಗಟಗಟ ಕುಡಿದಳು.

ಎಪ್ಪತ್ತು ದಾಟಿದ ಹೆಂಗಸಿಗೆ ಕಾಡುಹಣ್ಣಿನ ಚಿಂತೆ ಯಾಕೆ ಎಂದು ಕೇಳುವವರು ನಮ್ಮ ಅಕ್ಕನನ್ನು ಅರಿಯದವರು. ನಮ್ಮ ದೇವಿಕೊಪ್ಪದ ಪಡುವಣಕ್ಕೆ ಗುಡ್ಡದ ಓರೆಯಲ್ಲಿ ಕವಳಿಯ ಮುಳ್ಳುಕಂಟಿಗಳು ಆಳೆತ್ತರಕ್ಕೆ ಬೆಳೆದಿವೆ. ಬೇಸಿಗೆ ಮುಗಿಯುತ್ತ ಬಂದಂತೆ ಅದರ ಕಾಯಿ ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ಕಪ್ಪಾದರೆ ಹಣ್ಣು. ಚಿಕ್ಕವರಿದ್ದಾಗ ಅಕ್ಕ ಮುಂದೆ, ನಾನು ಅವಳ ಪರಕಾರದ ಚುಂಗು ಹಿಡಿದುಕೊಂಡು ಹಿಂದೆ. ನೆಲ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಚಪ್ಪಲಿ ಎಂಬುದು ಆಗ ದೊಡ್ಡವರ ಕಾಲಿಗೆ ಮಾತ್ರ. ಅಕ್ಕ ಮುತ್ತಲ ಎಲೆಗಳನ್ನು ಒಂದರ ಮೇಲೊಂದು ನನ್ನ ಅಂಗಾಲಿಗಿಟ್ಟು ಬಳ್ಳಿಯಿಂದ ಬಿಗಿದು, "ಓಡಲೇ ಹೊಳ್ಯಾ, ಎಲಿ ಹರಿಯೂದ್ರಾಗ ಆ ಗಿಡದ ನೆಳ್ಳು ಮುಟ್ಟು" ಎಂದು ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ನೆರಳಿನಿಂದ ನೆರಳಿಗೆ ಹಾರುತ್ತ ಗುಡ್ಡ ಮುಟ್ಟುತ್ತಿದ್ದೆವು.

ಹಣ್ಣು ಕಿತ್ತು ಎಲೆಯ ದೊನ್ನೆ ತುಂಬಿದ ಮೇಲೆ ಆಟ. ಒಬ್ಬರು ಒಂದು ಹಣ್ಣನ್ನು ಮುಷ್ಟಿಯಲ್ಲಿಟ್ಟುಕೊಂಡು "ಹುಂಜೋ ಹ್ಯಾಂಟಿಯೋ?" ಎಂದು ಕೇಳಬೇಕು. ಇನ್ನೊಬ್ಬರು ಹೇಳಿದ ಮೇಲೆ ಹಣ್ಣನ್ನು ಅರ್ಧ ಕಚ್ಚಿ ತೋರಿಸಬೇಕು. ಒಳಗೆ ಕೆಂಪಿದ್ದರೆ ಹುಂಜ, ಬಿಳಿಚಿಕೊಂಡಿದ್ದರೆ ಹ್ಯಾಂಟಿ. ಸೋತವರು ತಮ್ಮ ದೊನ್ನೆಯಿಂದ ಒಂದು ಹಣ್ಣು ಕೊಡಬೇಕು. ನಾನು ಪ್ರತಿಸಲ ಹುಂಜ ಎನ್ನುತ್ತಿದ್ದೆ. ಮನೆಗೆ ಬರುವಾಗ ನನ್ನ ದೊನ್ನೆ ಬರಿದು, ಅಕ್ಕನ ತುಟಿ ಕಪ್ಪು. ದಾರಿಯಲ್ಲಿ ನಾನು ಮುಖ ಉಬ್ಬಿಸಿಕೊಂಡರೆ ತನ್ನದರಲ್ಲಿ ಅರ್ಧ ಸುರಿದುಕೊಡುತ್ತಿದ್ದಳು. ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ.

ಅವಳ ಮದುವೆಯಾದದ್ದು ಒಂದು ಬೇಸಿಗೆಯಲ್ಲೇ, ಕವಳಿ ಇನ್ನೂ ಹಸಿರಿದ್ದಾಗ. ಆಮೇಲೆ ತವರಿಗೆ ಬಂದದ್ದೆಲ್ಲ ನಾಗರ ಪಂಚಮಿಗೆ. ಆಗ ಜಿಟಿಜಿಟಿ ಮಳೆ, ಜೋಕಾಲಿ, ಶೇಂಗಾದುಂಡಿ. ಅದೂ ಸುಖವೇ, ಆದರೆ ಪಂಚಮಿಯ ಹೊತ್ತಿಗೆ ಗುಡ್ಡದ ಕಂಟಿಯಲ್ಲಿ ಎಲೆ ಬಿಟ್ಟರೆ ಏನೂ ಇರುವುದಿಲ್ಲ. ಬೇಸಿಗೆಗೆ ಬರಲಿಕ್ಕೆ ಅವಳಿಗೆ ಆಗುತ್ತಿರಲಿಲ್ಲ. ಸೂಟಿ ಬಿದ್ದ ಕೂಡಲೇ ಅವಳ ಗಂಡನ ಅಕ್ಕತಂಗಿಯರು ಮಕ್ಕಳುಮರಿ ಕಟ್ಟಿಕೊಂಡು ಅಳ್ನಾವರದ ಆ ಮನೆಗೆ ಬಂದು ಇಳಿಯುತ್ತಿದ್ದರು. ಅವರಿಗೆ ಸೀಕರಣಿ ಹಿಂಡುವವಳು, ಶಾವಿಗೆ ಬಸಿಯುವವಳು, ಎಮ್ಮೆ ಕರೆಯುವವಳು ನಮ್ಮ ಅಕ್ಕ. ಈಗ ಆ ನಾದಿನಿಯರೆಲ್ಲ ಮುದುಕಿಯರಾಗಿ ತಂತಮ್ಮ ಮನೆಯಲ್ಲೇ ಉಳಿದರು. ಈ ವರ್ಷ ಯಾರೂ ಬರುವುದಿಲ್ಲ ಎಂದು ಗೊತ್ತಾದ ದಿನವೇ ಅಕ್ಕ ಚೀಲಕ್ಕೆ ಸೀರೆ ತುಂಬಿದ್ದಳು.

"ಅವರ ಬ್ಯಾಸಿಗಿ ನಾ ಮಾಡಿದೆ ಕಸ್ತೂರಿ," ಎಂದಳು ಸಂಜೆ ಅಂಗಳದಲ್ಲಿ ನೀರು ಹೊಡೆದು ಹೊರಸು ಹಾಕಿದಾಗ. "ನನ್ನ ಬ್ಯಾಸಿಗಿ ಯಾರೂ ಮಾಡ್ಲಿಲ್ಲ. ಈ ಸಲ ನಾನ ಮಾಡ್ಕೋತೀನಿ."

ಮಾಡಿಕೊಂಡಳು ಕೂಡ. ಮುಂಜಾನೆ ಎದ್ದ ಕೂಡಲೇ ನನ್ನನ್ನು ಗುಡ್ಡಕ್ಕೆ ಅಟ್ಟುವುದು, ನಾನು ತಂದ ಟೊಂಗೆಯ ಕಾಯಿಯನ್ನು ಹಿಚುಕಿ ನೋಡಿ "ಇನ್ನೂ ಕಲ್ಲು" ಎಂದು ಒಗೆಯುವುದು. ಹೊತ್ತೇರಿದ ಮೇಲೆ ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಒಣಹಾಕಿದ ಸಂಡಿಗೆಗೆ ಕಾವಲು. ಮೆಟ್ಟಿಲ ನೆರಳಲ್ಲಿ ಕೋಲು ಹಿಡಿದು ಕೂತು ಕಾಗೆ ಓಡಿಸುತ್ತ, ಅರೆ ಒಣಗಿದ ಸಂಡಿಗೆಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊರಗೆ ಗರಿ, ಒಳಗೆ ಮೆತ್ತಗೆ ಇರುವ ಆ ಹದದ ಸಂಡಿಗೆಯ ರುಚಿ ಕರಿದ ಮೇಲೆ ಸಿಗುವುದಿಲ್ಲ.

"ಅಕ್ಕಾರ, ಕಾಗಿ ತಿಂದಿದ್ರ ಇಷ್ಟು ಕಡಿಮಿ ಆಗ್ತಿದ್ದಿಲ್ರಿ," ಎಂದಳು ಕಸ್ತೂರೆವ್ವ ಸೀರೆಯ ಮೇಲಿನ ಬರಿ ಜಾಗ ನೋಡಿ.

"ಕಾಗಿಗೆ ಕೋಲು ಕೊಟ್ಟು ನೋಡಬೇಕಿತ್ತು ನೀ," ಎಂದಳು ಅಕ್ಕ.

ಹೀಗಿರುವಾಗ ಒಂದು ಸಂಜೆ ಅವಳ ಮಗ ಪ್ರಭು ಕಾರು ತೆಗೆದುಕೊಂಡು ಬಂದ. ಅಳ್ನಾವರದಲ್ಲಿ ನೌಕರಿ ಮಾಡುವ ಹುಡುಗ, ಮೆತ್ತಗಿನ ಮನುಷ್ಯ. ಚಹಾ ಕುಡಿದು, "ಅವ್ವಾ, ನಡಿ ಹೋಗೂಣು" ಎಂದ.

ಅಕ್ಕ ನನ್ನ ಮುಖ ನೋಡಿದಳು. ಏನು ಹೇಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಇವತ್ತು ಶುಕ್ರವಾರ ತಮ್ಮಾ. ಮನಿ ಮಗಳನ್ನ ಕಳಸಂಗಿಲ್ಲ."

ಈ ವಿದ್ಯೆ ನಮ್ಮ ಅಜ್ಜಿಯದು. ನಮ್ಮ ಸೋದರತ್ತೆ ತವರಿಗೆ ಬಂದರೆ ಅಜ್ಜಿ ಬಿಡುತ್ತಲೇ ಇರಲಿಲ್ಲ. ಮಂಗಳವಾರ ಶುಕ್ರವಾರ ಹೆಣ್ಣುಮಗಳನ್ನು ಕಳಿಸಿದರೆ ಲಕ್ಷ್ಮಿ ಬೆನ್ನು ಹತ್ತಿ ಹೋಗುತ್ತಾಳೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೆ ದಾರಿ ಹಿಡಿಯುವುದಿಲ್ಲ. ಉಳಿದ ದಿನಗಳನ್ನು ಮಕ್ಕಳಾದ ನಾವು ನೋಡಿಕೊಳ್ಳುತ್ತಿದ್ದೆವು. ಅತ್ತೆಯ ಗಂಡನ ಚಪ್ಪಲಿಯನ್ನು ಬಣವೆಯಲ್ಲಿ ಹುಗಿದಿಟ್ಟು, ಅವನ ಸಂಗಡವೇ ಊರೆಲ್ಲ ಹುಡುಕುತ್ತಿದ್ದೆವು. ಬಂಡಿ ಹೊರಡುವ ಹೊತ್ತು ಮೀರಿದ ಮೇಲೆ ಅಕ್ಕನಿಗೇ ಅದು ಸಿಗುತ್ತಿತ್ತು, ಅವಳಿಗೇ ಅತ್ತೆಯಿಂದ ಶಾಬಾಸಕಿ.

ಮುಂದಿನ ವಾರ ಪ್ರಭು ಬಂದಾಗ ಅಮಾವಾಸ್ಯೆ ಸಿಕ್ಕಿತು. ಅದರ ಮುಂದೆ ಬಂದದ್ದು ಒಂದು ಸೋಮವಾರ.

"ಸ್ವಾಮಾರ ಎತ್ತು ಹೂಡಂಗಿಲ್ಲ ಪ್ರಭು," ಎಂದೆ.

"ಮಾಮಾ, ನಾ ಕಾರು ತಂದೇನ್ರಿ."

"ಕಾರಿನ ಗಾಜಿಗೆ ಯಾರ ಚಿತ್ರ ಅಂಟಿಸೀಯಪಾ?"

"ಬಸವಣ್ಣಂದ್ರಿ."

"ಮತ್ತ? ಆತನ ವಾರದ ದಿನ ಆತನ್ನ ಹೂಡ್ತೀಯೇನು?"

ಪ್ರಭು ನಕ್ಕ. ನಕ್ಕು, ಕಸ್ತೂರೆವ್ವ ಕೊಟ್ಟ ಮಾವಿನ ಹಣ್ಣಿನ ಚೀಲವನ್ನು ಕಾರಿನಲ್ಲಿಟ್ಟ. ಬಾಗಿಲು ತೆಗೆದವನು ಏನೋ ಹೇಳಬೇಕೆಂದು ತಿರುಗಿ, ತಾಯಿಯ ಮುಖ ನೋಡಿ ಕಾರು ಹತ್ತಿದ. ಅಕ್ಕ ಆಗ ಕೈಯಲ್ಲಿ ಒಂದು ಕವಳಿಯ ಕಾಯಿ ಹಿಡಿದಿದ್ದಳು. ಅದರ ಒಂದು ಮಗ್ಗುಲು ಕೆಂಪಾಗಿತ್ತು. "ಇನ್ನೊಂದು ವಾರ," ಎಂದಳು ಅವನು ಹೋದ ಮೇಲೆ, ಅದನ್ನು ಬೆಳಕಿಗೆ ಹಿಡಿದು. "ಇನ್ನೊಂದು ವಾರ ತಡಿಬೇಕು, ಕಂಟಿ ತುಂಬಾ ಕರ್ರಗಾಗ್ತಾವು."

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಪ್ರಭುವಿನ ಸಣ್ಣ ಮಗಳು. ಆ ಹುಡುಗಿಯ ಗಂಟಲು ಎಂಥದೆಂದರೆ ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕು, ಹಾಗಾಗಿ ನಮಗೆಲ್ಲ ಕೇಳುತ್ತದೆ.

"ಅಜ್ಜೀ, ಇವತ್ತೂ ಬರ್ಲಿಲ್ಲೇನು? ಬ್ಯಾಗಿನಾಗಿಂದ ಮತ್ತ ಬಟ್ಟಿ ತಗದಿಟ್ವಿ ನಾವು!"

"ಯಾಕವಾ? ಎಲ್ಲಿಗೆ ಹೊಂಟಿದ್ರಿ?"

"ಅಣ್ಣಿಗೇರಿ ಅಜ್ಜಿ ಮನಿಗೆ. ನೀ ಬಂದ ಮ್ಯಾಲ ಹೋಗೂದಂತ. ಎಮ್ಮಿ ಹಿಂಡಾಕ ಯಾರಿಲ್ಲಲ್ಲ. ಅಪ್ಪಾ ಹೋದ್ರ ಒದಿತೈತಿ, ಅಜ್ಜಾಗ ಅಡಗಿ ಬರಂಗಿಲ್ಲ. ಬರೂ ವಾರ ಸಾಲಿ ಸುರು ಆಗ್ತೈತಿ ಅಜ್ಜಿ!"

ಆ ಕಡೆ ಯಾರೋ ಫೋನು ಕಸಿದುಕೊಂಡ ಸದ್ದಾಯಿತು. ಪ್ರಭುವಿನ ಹೆಂಡತಿ ಅಮೃತಾ, ಅಣ್ಣಿಗೇರಿ ಅವಳ ತವರು.

"ಅತ್ತಿ, ಅಕಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಆರಾಮ ಇದ್ದು ಬರ್ರಿ. ನಾವು ಮುಂದಿನ ವರ್ಷ ಹೋದ್ರಾತು, ಏನ್ ಓಡಿ ಹೋಗ್ತೈತೇನ್ರಿ ಅಣ್ಣಿಗೇರಿ?" ಎಂದು ನಕ್ಕಳು.

ಅಕ್ಕ ನಗಲಿಲ್ಲ. ಫೋನು ಕೆಳಗಿಟ್ಟಳು. ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು.

"ಮುಂದಿನ ವರ್ಷ," ಎಂದಳು ಅಕ್ಕ. "ಈ ಮಾತು ಹಿಂಗ ನಕ್ಕೋಂತ ನಾ ಎಷ್ಟು ಸಲ ಹೇಳೇನಿ, ನಿನಗೇನು ಗೊತ್ತು ಹೊಳ್ಯಾ. ನಮ್ಮವ್ವ ಆ ಕಡಿಂದ ಹೇಳಿ ಕಳಸಾಕಿ, ನಾ ಈ ಕಡಿಂದ ಮುಂದಿನ ವರ್ಷ ಅನ್ನಾಕಿ. ಹಿಂಗ ಅನ್ಕೋಂತನ ನನ್ನ ಕೂದಲಾ ಬೆಳ್ಳಗಾದ್ವು."

"ಒಂದು ವಾರ ಬೇ. ಅಷ್ಟರಾಗ ಹಣ್ಣಾಗ್ತಾವು," ಎಂದೆ.

"ಒಂದು ವಾರಕ್ಕ ಹಣ್ಣೂ ಆಗ್ತಾವು, ಅಕಿ ಬ್ಯಾಸಿಗಿನೂ ಮುಗಿತೈತಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಹೋಗ್ತೀನಿ."

"ನಾಳೆ ಮಂಗಳಾರ!" ಎಂದೆವು ನಾನೂ ಕಸ್ತೂರೆವ್ವನೂ ಕೂಡಿಯೇ.

"ಗೊತ್ತೈತಿ. ಮಂಗಳಾರ ಮನಿ ಮಗಳನ್ನ ಕಳಸಬಾರದು. ನೀವು ಕಳಸಬ್ಯಾಡ್ರಿ. ನಾನ ಹೋಗ್ತೀನಿ." ಎದ್ದು ಸೆರಗು ಸರಿಪಡಿಸಿಕೊಂಡಳು. "ಮುಂಜಾನಿ ತಂಪಿನಾಗ ಗುಡ್ಡಕ್ಕ ಹೋಗಿ ಬರೂಣು. ಇದ್ರ ತಿಂತೀನಿ. ಇಲ್ಲಂದ್ರ ಕಂಟಿ ಆದ್ರೂ ನೋಡಿ ಬರ್ತೀನಿ."

ಬೆಳಕು ಹರಿಯುವಾಗ ಹೊರಟೆವು. ಅವಳ ಮೊಣಕಾಲಿಗೆ ಏರು ಆಗಿಬರುವುದಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, ನಿಂತು ನಿಂತು ಹತ್ತಿದಳು. "ಈಗ ಎಲಿ ಕಟ್ಟಿ ಗುದ್ದು ಕೊಡಲೇನು?" ಎಂದು ನಾನು ಕೇಳಿದ್ದಕ್ಕೆ, "ಕೊಟ್ಟು ನೋಡು, ಇಬ್ಬರೂ ಕೂಡೇ ಉಳ್ಳೂಣು" ಎಂದು ಏದುಸಿರಲ್ಲೇ ಬೈದಳು. ಕೆಳಗಿನ ಕಂಟಿಗಳಲ್ಲೆಲ್ಲ ಹಸಿರು, ಅಲ್ಲಲ್ಲಿ ಕೆಂಪು. ನಾನು ದಿನಾ ನೋಡಿ ಹೋಗುತ್ತಿದ್ದುದು ಇವನ್ನೇ. ಅಕ್ಕ ಅವುಗಳನ್ನು ದಾಟಿ, ಬಂಡೆಯ ಬೆನ್ನಿಗೆ ಬಿಸಿಲಿಗೆ ಮುಖ ಮಾಡಿ ನಿಂತ ಒಂದು ಕಂಟಿಯ ಹತ್ತಿರ ಹೋದಳು. ಅದರ ತುದಿ ಟೊಂಗೆಗಳಲ್ಲಿ ಒಂದಿಷ್ಟು ಕಪ್ಪಾಗಿದ್ದವು.

"ನಾ ಕಿತ್ತು ಕೊಡ್ತೀನಿ, ಮುಳ್ಳು ಅದಾವು," ಎಂದೆ.

"ಸರಿ ಆಕಡೆ."

ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮುಳ್ಳಿನೊಳಗೆ ಕೈ ತೂರಿದಳು. ಮುಂಗೈ ಗೀರಿ ರಕ್ತ ಬಂತು. ಅದನ್ನು ಚೀಪಿ ಮತ್ತೆ ತೂರಿದಳು. ದೊನ್ನೆ ತುಂಬುವಷ್ಟು ಇರಲಿಲ್ಲ, ಒಂದು ಬೊಗಸೆಯೂ ಆಗಲಿಲ್ಲ. ಬಂಡೆಯ ಮೇಲೆ ಕೂತು ಒಂದನ್ನು ಮುಷ್ಟಿಯಲ್ಲಿಟ್ಟು ನನ್ನ ಮೂಗಿನ ಮುಂದೆ ಹಿಡಿದಳು.

"ಹುಂಜೋ ಹ್ಯಾಂಟಿಯೋ?"

"ಹುಂಜ."

ಕಚ್ಚಿದಳು. ಒಳಗೆ ಬಿಳಿಚಿಕೊಂಡಿತ್ತು. "ಹಲ್ಲು ಬಿದ್ರೂ ನಿನಗ ಬುದ್ಧಿ ಬರ್ಲಿಲ್ಲಲೇ," ಎಂದು ಬಂಡೆ ಬಡಿದು ನಕ್ಕಳು. ಕೊಡಲಿಕ್ಕೆ ನನ್ನ ಹತ್ತಿರ ಒಂದು ಹಣ್ಣೂ ಇರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ಅವಸರ ಮಾಡದೆ, ಒಂದೊಂದೇ ತಿಂದಳು. ಹುಳಿ ಬಂದರೆ ಹುಬ್ಬು ಏರುತ್ತಿತ್ತು, ಸಿಹಿ ಬಂದರೆ ತಲೆ ಅಲ್ಲಾಡುತ್ತಿತ್ತು. ಹಣ್ಣಿನ ಹಾಲಿಗೆ ತುಟಿಗಳು ಅಂಟಿಕೊಂಡು, ಬಾಯಿ ಬಿಡುವಾಗ ಚಿಟಿಚಿಟಿ ಎನ್ನುತ್ತಿತ್ತು.

"ಕಸ್ತೂರಿಗೆ ಎರಡು ಇಡು ಬೇ," ಎಂದೆ.

"ಕಸ್ತೂರಿ ಇಲ್ಲೇ ಇರಾಕಿ. ಬರೂ ವಾರ ಬುಟ್ಟಿ ತುಂಬಾ ಒಯ್ದು ಕೊಡು ಅಕಿಗೆ. ಇವು ನನ್ನವು," ಎಂದು ಕೊನೆಯದನ್ನೂ ಬಾಯಿಗೆ ಹಾಕಿಕೊಂಡಳು.

ಮನೆಗೆ ಬಂದು ಮುಖ ತೊಳೆದು ಚೀಲ ಕಟ್ಟಿದಳು. ಪ್ರಭುವಿಗೆ ಫೋನು ಮಾಡಗೊಡಲಿಲ್ಲ. "ಅಂವ ಬಂದ್ರ ನೀ ಮತ್ತ ಅವನ ಮುಂದ ಪಂಚಾಂಗ ಬಿಚ್ಚತಿ" ಎಂದಳು. ಕಸ್ತೂರೆವ್ವನಿಗೆ ಇಕ್ಕಟ್ಟಾಯಿತು. ಉಡಿ ತುಂಬಿದರೆ ಕಳಿಸಿದಂತಾಗುತ್ತದೆ, ತುಂಬದಿದ್ದರೆ ಮನಸ್ಸು ತಡೆಯುವುದಿಲ್ಲ. ಕೊನೆಗೆ ಅಕ್ಕಿ, ಕೊಬ್ಬರಿ, ಕುಬಸದ ಖಣ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ, ಅಕ್ಕನ ಚೀಲದ ತಳಕ್ಕೆ ತುರುಕಿ, ತಾನು ಏನೂ ಅರಿಯದವಳಂತೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನನಗೂ ಅಂದು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಬೀಡಿ ಕೊಳ್ಳುವ ಕೆಲಸ ಬಿತ್ತು. ಅಕ್ಕ ರಸ್ತೆಯ ಈ ಬದಿ, ನಾನು ಆ ಬದಿ. ಬಸ್ಸು ಬಂದು ನಿಂತಾಗ ಅವಳು ಮೆಟ್ಟಿಲ ಮೇಲೆ ನಿಂತು, "ಏ ಹೊಳ್ಯಾ, ಹಣ್ಣಾದ್ವು ಅಂದ್ರ ಫೋನ್ ಹಚ್ಚು. ಹೆಂಗದಾವು ಅಂತ ಕೇಳಿಯಾದ್ರೂ ತಿಂತೀನಿ" ಎಂದು ಊರಿಗೇ ಕೇಳುವಂತೆ ಕೂಗಿದಳು. ಅವಳ ತುಟಿ ಇನ್ನೂ ಕಪ್ಪಗಿತ್ತು.

ಮಲ್ಲಕ್ಕ ಹೋದದ್ದು ಮಂಗಳವಾರ. ಅಮೃತಾ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಣ್ಣಿಗೇರಿಗೆ ಹೋದದ್ದು ಮರುದಿನ, ಬುಧವಾರ ಮುಂಜಾನೆ.