ನರಸೀಪುರದವನ ಇಂಜಿನ್

"ಮೊದ್ಲು ಈ ಡಬ್ಬನ ಎತ್ತಿ ಆಚ್ಗಾಕ್ರೋ, ಅಣ್ಣುನ್ನ ಮಲುಗ್ಸಕೆ ಜಾಗ ಬ್ಯಾಡ್ವಾ?" ಎನ್ನುತ್ತಾ ಮಾದೇಶ ಕಂಪ್ಯೂಟರಿನ ಬೆನ್ನಿಗಿದ್ದ ವೈರುಗಳನ್ನೆಲ್ಲ ಒಟ್ಟಿಗೆ ಹಿಡಿದು ಜಗ್ಗಿದ.

"ಎಳೀಬೇಡಿ ಚಿಕ್ಕಪ್ಪ, ನಾನ್ ಬಿಚ್ತೀನಿ." ಕವನ ಅಡ್ಡ ಬಂದಳು. ಆಸ್ಪತ್ರೆಯಿಂದ ಅಪ್ಪನ ಹೆಣ ತಂದ ವ್ಯಾನು ಬಾಗಿಲಲ್ಲೇ ನಿಂತಿತ್ತು. ಮುಂದಿನ ಕೋಣೆ ಇದ್ದದ್ದೇ ಅಷ್ಟಗಲ. ಅದರ ಅರ್ಧವನ್ನು ಕಂಪ್ಯೂಟರಿನ ಮೇಜು ನುಂಗಿಕೊಂಡಿತ್ತು. ಅವಳು ಮೇಜಿನ ಕೆಳಗೆ ತೂರಿ ಒಂದೊಂದೇ ವೈರು ಬಿಚ್ಚುತ್ತಿದ್ದರೆ ಜನ ಬಾಗಿಲಲ್ಲಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದರು.

ನಂಜನಗೂಡಿನ ಆ ಬೀದಿಗೆ ಕವನಳ ಅಪ್ಪ ಮಂಟೇಸ್ವಾಮಿ ಇಬ್ಬರಾಗಿ ಗೊತ್ತಿದ್ದ. ಒಬ್ಬ ಸರ್ಕಾರಿ ಬಸ್ಸು ಓಡಿಸಿ, ಇಡೀ ಸರ್ವೀಸಿನಲ್ಲಿ ಒಂದು ನಾಯಿಯನ್ನೂ ಗಾಲಿಗೆ ಕೊಡದ ಡ್ರೈವರು. ಇನ್ನೊಬ್ಬ ಲಕ್ವ ಹೊಡೆದ ಮೇಲೆ ಮನೆ ಹಿಡಿದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುತ್ತಾ "ಬಂದೆ ಕಣ್ಲಾ, ಬಂದೆ" ಎಂದು ಅರಚುತ್ತಿದ್ದವನು. ಮೊದಲನೆಯವನಿಗೆ ಬೀದಿ ನಮಸ್ಕಾರ ಹೇಳುತ್ತಿತ್ತು, ಎರಡನೆಯವನನ್ನು ಕಂಡು ನಗುತ್ತಿತ್ತು. ಹಾಳಾದ್ದು, ಸತ್ತದ್ದು ಎರಡನೆಯವನಾಗಿ ಎಂಬುದೇ ಅವನ ಹೆಂಡತಿ ಚಲುವಮ್ಮನಿಗೆ ಕೊರಗು.

ಹೆಣವನ್ನು ಒಳಗೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ತಲೆದೆಸೆಗೆ ಮೇಣದ ಬತ್ತಿ ಹಚ್ಚುವ ಹೊತ್ತಿಗೆ ಅಪ್ಪನ ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ನರಸೀಪುರ' ಎಂದಿತ್ತು.

"ಅಂಕಲ್ ಮಗಳಾ? ನಾನು ರಾಹುಲ್, ಟಿ. ನರಸೀಪುರ. ನಮ್ ಆಟದ ಗ್ರೂಪಲ್ಲಿ ನೋಡ್ದೆ. ಹೊರಟಿದೀನಿ. ಮಣ್ಣು ಎಷ್ಟೊತ್ಗೆ?"

"ಮಧ್ಯಾಹ್ನ."

"ಎಲ್ರ ಮುಂದೆ ಎರಡ್ ಮಾತಾಡಕ್ಕೆ ಬಿಡ್ತೀರಾ? ಇಷ್ಟ್ ವರ್ಷದಲ್ಲಿ ನನ್ನನ್ನ ಹೊಡೆದು ಬೀಳ್ಸಿದ್ದು ಅವ್ರೊಬ್ರೇ. ಅದನ್ನ ಹೇಳ್ಬೇಕು."

ಕವನ ತಾಯಿಯ ಕಡೆ ನೋಡಿದಳು. ಫೋನಿಗೆ ಕಿವಿಗೊಟ್ಟು ಕೂತಿದ್ದ ಚಲುವಮ್ಮ ಅಳು ನಿಲ್ಲಿಸಿ, "ಬರ್ಲೇಳು ಕೂಸೇ, ಮಾತಾಡ್ಲಿ. ಈ ಬೀದಿ ಕಿವಿ ತುಂಬ ಕೇಳ್ಕಳ್ಳಿ" ಎಂದಳು.

ಏನು ಕೇಳಿಸಿಕೊಳ್ಳುವುದು? ಆ ಗೆಲುವುಗಳೆಲ್ಲ ಕವನ ಕದ್ದು ಮಾಡಿಕೊಟ್ಟವು. ಅಪ್ಪನಿಗೂ ಗೊತ್ತಿರಲಿಲ್ಲ, ಆ ರಾಹುಲನಿಗೂ ಗೊತ್ತಿರಲಿಲ್ಲ. ಈಗ ಅವನು ಬಂದು ಹೆಣದ ಮುಂದೆ ನಿಂತು ಹೊಗಳುತ್ತಾನೆ. ಸುಮ್ಮನೆ ಕೂತರೆ ಅಪ್ಪನ ಹೆಸರು ಉಳಿಯುತ್ತದೆ. ಬಾಯಿ ಬಿಟ್ಟರೆ ಅಪ್ಪ ಮಣ್ಣಿಗೆ ಹೋಗುವ ಮೊದಲೇ ಹೆಸರು ಹೋಗುತ್ತದೆ.

*

ಲಕ್ವ ಹೊಡೆದದ್ದು ಬಲಗೈಗೆ. ಕೈಗೆ ಕೆಲಸ ಕೊಡುತ್ತಿರಿ ಎಂದು ಡಾಕ್ಟರು ಹೇಳಿದ್ದಕ್ಕೆ, ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಕವನ ಒಂದು ಜಾಯ್‌ಸ್ಟಿಕ್ ತಂದು ಮೇಜಿಗೆ ಬಿಗಿದಿದ್ದಳು. ರಬ್ಬರ್ ಚೆಂಡು ಕೊಟ್ಟರೆ ಎಸೆಯುತ್ತಿದ್ದ ಮನುಷ್ಯ ಈ ಕಡ್ಡಿಯನ್ನು ಹಿಡಿದವನು ಬಿಡಲಿಲ್ಲ.

ಮಹಾಯುದ್ಧದ ಕಾಲದ ವಿಮಾನಗಳ ಆಟ ಅದು. ಯಾರು ಬೇಕಾದರೂ ತಮ್ಮದೊಂದು ರೂಮು ತೆರೆದು ಬೇರೆ ಬೇರೆ ಊರಿನವರ ಜೊತೆ ಕಾದಾಡಬಹುದು. ಅಪ್ಪನ ರೂಮು ತೆರೆದು ನೋಡಿಕೊಳ್ಳುತ್ತಿದ್ದವಳು ಕವನ. ಅಪ್ಪ ಆರಿಸಿಕೊಂಡದ್ದು ಹರಿಕೇನ್ ಎಂಬ ನಿಧಾನದ ವಿಮಾನ. ಬೆನ್ನಿಗೆ ಬಟ್ಟೆ ಹೊದಿಸಿ ಮಾಡಿದ್ದು. ಅದುರುವ ಕೈಯನ್ನೂ ಅದು ಸಹಿಸಿಕೊಳ್ಳುತ್ತಿತ್ತು. ರಾಹುಲನದು ಸ್ಪಿಟ್‌ಫೈರ್. ಸರ್ರನೆ ಮೇಲೆ ಹತ್ತಿ, ಅಲ್ಲಿಂದ ಬಂದು ಎರಗಿ, ಮತ್ತೆ ಮೇಲೆ. ಅಪ್ಪನ ಕೈ ತಿರುಗುವಷ್ಟರಲ್ಲಿ ಅಪ್ಪನ ವಿಮಾನ ಹೊಗೆ.

ರೂಮಿನಲ್ಲಿ ನಾಲ್ಕು ಜನ ಸೇರಿದರೆ ಒಂದೇ ಜಗಳ. ವಿಮಾನಗಳು ನಿಜದಲ್ಲಿ ಹೇಗಿದ್ದವೋ ಹಾಗೇ ಇರಬೇಕೋ, ಇಲ್ಲ ಆಟ ಸಮ ಆಗುವ ಹಾಗೆ ತಿದ್ದಬೇಕೋ? "ಸ್ಪಿಟ್‌ಫೈರ್ ಇಂಜಿನ್ ಬಲ ಸ್ವಲ್ಪ ಕುಯ್ಯೋಣ, ಅಂಕಲ್‌ಗೂ ಚಾನ್ಸ್ ಸಿಗ್ಲಿ" ಎಂದು ಒಮ್ಮೆ ಯಾರೋ ಅಂದದ್ದೇ ತಡ, ಅಪ್ಪ ಮೈಕಿನ ಮೇಲೇ ಉರಿದುಬಿದ್ದಿದ್ದ.

"ಕುಯ್ಯದು ಗಿಯ್ಯದು ಬ್ಯಾಡ ಕಣ್ರಪ್ಪ. ಅದ್ರ ತಾಕತ್ತು ಅದ್ಕಿರ್ಲಿ. ಬೇಕಾರೆ ನಂಗೆ ವಸಿ ಮ್ಯಾಲಿಂದ ಸುರು ಮಾಡಕೆ ಕೊಡಿ. ಎಲ್ರೂ ಒಪ್ಕಂಡು, ಎಲ್ರಿಗೂ ಕಾಣಂಗೆ ಕೊಡಿ. ಎತ್ರ ಇಸ್ಕಳಕೆ ನಂಗೇನ್ ನಾಚ್ಕೆ ಇಲ್ಲ. ಆಮ್ಯಾಕೆ ಓಡ್ಸದು ನನ್ ಪಾಡು."

"ಇಬ್ರೂ ನೆಲದಿಂದ್ಲೇ ಏಳ್ಬೇಕು ಅಂಕಲ್. ಅದೇ ರಿಯಲ್ಲು." ಹಾಗಂದವನು ರಾಹುಲ್.

ಅಪ್ಪನ ಈ ಮಾತು ಕವನಳಿಗೆ ಹೊಸದಲ್ಲ. ಹಿಂದೊಮ್ಮೆ ಡಿಪೋದಲ್ಲಿ ಜೊತೆಯ ಡ್ರೈವರೊಬ್ಬ "ನಿಂಗೇನಪ್ಪ, ಕೋಟಾ" ಎಂದು ಹಲ್ಲು ಕಿರಿದನಂತೆ. ಅಪ್ಪ ಟೀ ಲೋಟ ಕೆಳಗಿಟ್ಟು ಹೇಳಿದ್ದನಂತೆ: "ಸೀಟು ನನ್ ಅಕ್ಕು. ಬಾಬಾಸಾಹೇಬ್ರು ಬರ್ದು ಕೊಟ್ಟವ್ರೆ, ದೇಸಕ್ಕೇ ಗೊತ್ತು. ಸ್ಟೇರಿಂಗ್ ತಿರುಗ್ಸದು ಮಾತ್ರ ನಾನು. ಅದ್ಕೆ ಯಾರೂ ಕೈ ಆಕಿಲ್ಲ, ಆಕ್ಸಕೂ ಬುಡಕಿಲ್ಲ." ಮನೆಗೆ ಯಾರೇ ನೆಂಟರು ಬಂದರೂ ಈ ಕತೆ ಒಂದು ಸಲ ಆಗಲೇಬೇಕು.

ಎತ್ತರವನ್ನು ಯಾರೂ ಕೊಡಲಿಲ್ಲ. ಅಪ್ಪ ಸೋತ. ಮತ್ತೆ ಸೋತ. ಒಂದು ಸಂಜೆ ಹೆಡ್‌ಫೋನು ತೆಗೆದಿಟ್ಟು, "ಸಾಕು ಕಣವ್ವ, ಇದ್ನ ಯಾರ್ಗಾರ ಕೊಟ್ಬುಡು" ಎಂದ. ಅವತ್ತಿನಿಂದ ಬಲಗೈಯನ್ನು ತೊಡೆಯ ಮೇಲೆ ಇಟ್ಟವನು ಎತ್ತಲಿಲ್ಲ. ಮುದ್ದೆಯನ್ನು ಚಲುವಮ್ಮ ಮುರಿದು ಬಾಯಿಗಿಡಬೇಕಾಯಿತು.

ಕವನಳಿಗೆ ನೋಡಲಾಗಲಿಲ್ಲ. ರೂಮು ಅವಳ ಕೈಯಲ್ಲಿತ್ತು. ಯಾವ ವಿಮಾನದ ಇಂಜಿನ್ ಬಲವನ್ನು ಬೇಕಾದರೂ ರೂಮು ತೆರೆದವರು ಇಳಿಸಬಹುದಿತ್ತು. ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ರಾಹುಲನ ಇಂಜಿನ್ನನ್ನು ಚೂರೇ ಚೂರು ಇಳಿಸಿದಳು. "ಒಂದೇ ಒಂದ್ ಸಲ ಅಪ್ಪ, ನನಗೋಸ್ಕರ" ಎಂದು ಕೈ ಹಿಡಿದು ಕೂರಿಸಿದಳು.

ಅವತ್ತು ಮಂಟೇಸ್ವಾಮಿ ಗೆದ್ದ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಮಾರನೆಯ ದಿನ ತನ್ನ ಕೈಯಲ್ಲೇ ಮುದ್ದೆ ಮುರಿದ. ಆಮೇಲೆ ಆ ಇಂಜಿನ್ನನ್ನು ಮೇಲೇರಿಸುವುದಕ್ಕೆ ಕವನಳಿಗೆ ಧೈರ್ಯ ಬರಲಿಲ್ಲ. ವಾರ ವಾರವೂ ನಾಳೆ, ನಾಳೆ ಎಂದುಕೊಂಡೇ ವರ್ಷ ಕಳೆಯಿತು.

*

ರಾಹುಲ್ ಬೈಕು ನಿಲ್ಲಿಸಿ ಹಾರ ಹಿಡಿದು ಬಂದ. ಬೀದಿಯಲ್ಲಿ ನಿಂತಿದ್ದವರ ಮೇಲೆಲ್ಲ ಅವನ ತಲೆ ಕಾಣುತ್ತಿತ್ತು, ಅಷ್ಟು ಎತ್ತರದ ಆಳು. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಮಂಟೇಸ್ವಾಮಿ ಅದರ ಮುಂದೆಯೇ ಎಷ್ಟು ವರ್ಷ ಬಸ್ಸು ತಿರುಗಿಸಿದ್ದನೋ, ಅವನ ಮುಖವನ್ನು ರಾಹುಲ್ ನೋಡಿದ್ದು ಮಾತ್ರ ಇವತ್ತೇ. ಹಾರ ಹಾಕಿ, ಕಾಲು ಮುಟ್ಟಿ, ಆ ಮುಖವನ್ನು ಬಹಳ ಹೊತ್ತು ನೋಡಿದ.

"ದನಿ ಕೇಳಿ ದೊಡ್ ಆಳು ಅಂದ್ಕಂಡಿದ್ದೆ," ಎಂದ ಕವನಳಿಗೆ.

"ಬನ್ನಿ ಅಣ್ಣ, ಟೀ ಕುಡೀರಿ."

"ಬ್ಯಾಡ ಬುಡಿ." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಇದು ನಿಮ್ಮಪ್ಪ ಕೊಡ್ಸಿದ್ದು ಅನ್ನಿ. ಸೋತು ಸೋತು, ಕಣ್ಣೇ ಮಂಜಾಯ್ತೇನೋ ಅಂತ ಮೈಸೂರ್ಗೋಗಿ ತೋರಿಸ್ಕಂಡ್ ಬಂದೆ. ಏನೂ ಇಲ್ಲ ಅಂದ್ರು. ಆದ್ರೂ ಒಂದ್ ಹಾಕ್ಸಿಬಿಟ್ಟೆ. ಫ್ರೆಂಡ್ಸೆಲ್ಲ ಆಡ್ಕಳ್ಳೋರು. ಇಂಜಿನ್ನಲ್ಲಿ ಏನೋ ಐತೆ ಅಂದ್ರೆ ಅಂಕಲ್ಲು, 'ಇಮಾನ ಸರಿಯಾಗದ ಕಣ್ಲಾ, ಓಡ್ಸವ್ನ್ ಸರಿಯಾಗಿಲ್ಲ' ಅಂತ ನಗೋರು. ಸರಿ ಅನ್ನುಸ್ತು. ಹೋದ್ ತಿಂಗ್ಳಿಂದ ಸ್ಪಿಟ್‌ಫೈರ್ ಬಿಟ್ಬಿಡ್ಬೇಕು ಅಂತಿದ್ದೆ."

ಕವನಳಿಗೆ ಅಲ್ಲೇ ಹೇಳಿಬಿಡಬೇಕು ಅನ್ನಿಸಿತು. ತಾಯಿ ಒಳಗಿನಿಂದ ಅವನನ್ನೇ ಆಸೆಯಿಂದ ನೋಡುತ್ತಿದ್ದಳು. ಕವನ ಒಳಗೆ ಹೋಗಿ ತಾಯಿಯ ಪಕ್ಕ ಕೂತಳು.

*

ಅಪ್ಪ ಹೋದದ್ದು ನಿನ್ನೆ, ಶುಕ್ರವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ ನಿಂತಲ್ಲೇ. ಹಿಂದಿನ ಸಂಜೆ ಅವಳು ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕರೆದಿದ್ದ.

"ಕವ್ನ, ನರಸೀಪುರದವ್ನ ಇಮಾನುಕ್ಕೆ ಏನೋ ಆಗದ ಕಣವ್ವ."

"ಏನಾಗುತ್ತೆ ಅದಕ್ಕೆ?"

"ಮ್ಯಾಕ್ಕೆ ಅತ್ತುವಾಗ ಸಂತೆ ಜನ ತುಂಬ್ಕಂಡ್ ಬಸ್ಸಂಗೆ ಮುಲುಕ್ತದೆ. ಮೊದ್ಲು ಇಂಗಿರ್ನಿಲ್ಲ."

"ನೀನು ಚೆನ್ನಾಗ್ ಓಡಿಸ್ತೀಯಲ್ಲಪ್ಪ, ಅದಕ್ಕೆ ಹಂಗ್ ಕಾಣುತ್ತೆ."

"ಸುಮ್ಕಿರು. ಆ ಉಡ್ಗ ಎಲ್ಲಾ ತನ್ದೇ ತಪ್ಪು ಅಂದ್ಕಂಡು ಕುಂತವ್ನೆ. ನಾನೂ ಬಾಯ್ಗ್ ಬಂದಂಗೆ ಆಡ್ಕಂಬುಟ್ಟೆ. ಆಟ ಮಾಡ್ದೋರು ಎಲ್ಲೋ ಎಡವಟ್ ಮಾಡವ್ರೆ. ಅವ್ರಿಗ್ ಬರ್ದು ಸರಿ ಮಾಡ್ಸು. ಭಾನ್ವಾರ ಅವ್ನ ಇಂಜಿನ್ ನೆಟ್ಗಿರ್ಲಿ. ಸೋತ್ರೆ ಸೋಲ್ತೀನಿ. ಗೆದ್ರೆ ನಂದು ಅಂತಾರ ಗೊತ್ತಾಯ್ತದಲ್ಲ."

"ಆಯ್ತಪ್ಪ," ಎಂದಿದ್ದಳು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಅಪ್ಪ ಬಯ್ಯುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಅಷ್ಟೇ ತಾನೆ. ಕೈಕಾಲು ತೊಳೆಯಲು ಹೋದಳು.

*

ಬುದ್ಧ ವಿಹಾರದ ಉಪಾಸಕರು ತ್ರಿಶರಣ, ಪಂಚಶೀಲ ಹೇಳಿಸಿದರು. ಡಿಪೋದವರೊಬ್ಬರು ಮಾತಾಡಿದರು. ಆಮೇಲೆ ರಾಹುಲ್ ನಿಂತ.

"ನಾನು ಇವ್ರನ್ನ ಇವತ್ತೇ ನೋಡಿದ್ದು. ಆದ್ರೆ ವಾರ ವಾರ ಇವ್ರ ಜೊತೆ ಹೊಡ್ದಾಡಿದೀನಿ. ದೇಶದ ಎಲ್ಲೆಲ್ಲಿನ ಹುಡುಗ್ರೂ ನನ್ ಮುಂದೆ ನಿಂತಿಲ್ಲ. ಲಕ್ವ ಹೊಡ್ದ ಕೈಯಲ್ಲಿ, ಆ ಹಳೇ ಹರಿಕೇನಲ್ಲಿ, ಇವ್ರು ನನ್ನನ್ನ ಹೊಡ್ದು ಕೆಡವಿದ್ರು. ನೀವು ಇದನ್ನ ಹುಡುಗಾಟ ಅಂದ್ಕಂಡಿರ್ಬೋದು. ನಿಮ್ ಬೀದೀಲಿ ಒಬ್ಬ ಗಟ್ಟಿಗ ಇದ್ದ ಅಂತ ಹೇಳಕ್ಕೆ ಬಂದೆ."

ಇಷ್ಟು ದಿನ ನಗುತ್ತಿದ್ದ ಬೀದಿ ಕತ್ತು ಚಾಚಿ ಹೆಣದ ಮುಖ ನೋಡಿತು. ಪಕ್ಕದ ಮನೆಯ ರಾಚಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಚಲುವಮ್ಮ ಗಂಡನ ಕೆನ್ನೆ ಸವರುತ್ತಾ, "ಕೇಳುಸ್ತಾ? ಕೇಳುಸ್ತಾ?" ಎಂದು ಜೋರಾಗಿ ಅತ್ತಳು. ಅಷ್ಟು ಸುಖದ ಅಳುವನ್ನು ಕವನ ತಾಯಿಯಿಂದ ಯಾವತ್ತೂ ಕೇಳಿರಲಿಲ್ಲ. ಇನ್ನು ಸುಮ್ಮನಿದ್ದುಬಿಡೋಣ ಅನ್ನಿಸಿತು. ರಾಹುಲ್ ಕೂರುವ ಮೊದಲು ಕನ್ನಡಕ ಸರಿ ಮಾಡಿಕೊಂಡ.

ಅವಳು ಎದ್ದಳು.

"ಅಣ್ಣ, ನಿಮ್ ಕಣ್ಣಿಗೇನೂ ಆಗಿಲ್ಲ. ಕೈಗೂ ಏನೂ ಆಗಿಲ್ಲ. ಅಪ್ಪ ಗೆಲ್ಲಲಿ ಅಂತ ನಿಮ್ ಇಂಜಿನ್ ಬಲ ನಾನೇ ಕದ್ದು ಇಳಿಸಿದ್ದೆ. ವರ್ಷದಿಂದ. ಅಪ್ಪನಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆ ಕಡ್ಡೀನ ಮುಟ್ತಾನೇ ಇರ್ಲಿಲ್ಲ. ಮೊನ್ನೆ ಸಂಜೆ, ಅವ್ನ ಇಂಜಿನ್ ಸರಿ ಮಾಡ್ಸು ಅಂತ ಹೇಳಿದ್ದ. ನಾನ್ ಮಾಡ್ಲಿಲ್ಲ."

"ಅಂಗಾರೆ ಗೆದ್ದೇ ಇರ್ನಿಲ್ವಾ?" ಎಂದಳು ರಾಚಮ್ಮ.

"ಅಯ್ಯೋ ನನ್ ಒಟ್ಟೇಲುಟ್ಟಿದೋಳೆ!" ಚಲುವಮ್ಮ ನೆಲ ಬಡಿದಳು. "ಇವತ್ತೇ ಏಳ್ಬೇಕಾಗಿತ್ತಾ ಇದ್ನ? ಅವ್ನು ಮಣ್ಣಾಗಗಂಟ ತಡಕಳಕ್ಕಾಗ್ನಿಲ್ವಾ?"

ರಾಹುಲನ ಮುಖ ಕಪ್ಪಿಟ್ಟಿತು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಬಯ್ಯುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೇಳಿದ್ದು ಒಂದೇ.

"ಒಂದ್ ಸಲನಾದ್ರೂ... ಒಂದ್ ಸಲನಾದ್ರೂ ಅವ್ರಾಗವ್ರೇ ಗೆದ್ದಿದ್ರಾ?"

"ಗೊತ್ತಿಲ್ಲಣ್ಣ. ಕೈ ದಿನಾ ದಿನಾ ಸರಿ ಹೋಗ್ತಿತ್ತು. ಗೆಲ್ತಿದ್ನೇನೋ. ನಾನು ಕೈ ಹಾಕ್ದೆನಲ್ಲ, ಇನ್ ಯಾರಿಗೂ ಗೊತ್ತಾಗಲ್ಲ. ನಂಗೂ ಗೊತ್ತಾಗಲ್ಲ." ನಿನ್ನೆಯಿಂದ ಬಾರದಿದ್ದ ಅಳು ಆಗ ಬಂತು. ಹಿಡಿದುಕೊಳ್ಳುವವರೂ ಇರಲಿಲ್ಲ, ಎಲ್ಲರೂ ಚಲುವಮ್ಮನ ಸುತ್ತ ಇದ್ದರು.

ರಾಹುಲ್ ಹೊರಗೆ ಹೋಗಿ ಬೈಕಿನ ಪಕ್ಕ ನಿಂತ. ಹತ್ತಲಿಲ್ಲ, ಹೊರಡಲೂ ಇಲ್ಲ.

"ಒತ್ತಾಯ್ತದೆ, ಎತ್ರಪ್ಪ," ಎಂದ ಮಾದೇಶ. "ಇಂದ್ಗಡೆ ಯಾರು?"

"ಒಂದ್ ಕಡೆ ನಾನು," ಎಂದಳು ಕವನ, ಮೂಗು ಒರೆಸಿಕೊಂಡು.

"ಎಣ್ಕೂಸು ಒರದಾ?" ಎಂದ ಮಾದೇಶ ಉಪಾಸಕರ ಕಡೆ ನೋಡಿದ. "ಹೊರ್ಲಿ ಬಿಡಿ, ಮಗಳಲ್ವಾ," ಎಂದರು ಅವರು. ಇನ್ನೊಂದು ಕಡೆಗೆ ಯಾರೂ ಬರುವ ಮೊದಲೇ ರಾಹುಲ್ ಚಪ್ಪಲಿ ಬಿಟ್ಟು ಬಂದು ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ಕವನಳ ಮುಖ ನೋಡಲಿಲ್ಲ.

ಎತ್ತಿದರು. ಎತ್ತಿದ ಕೂಡಲೇ ಚಟ್ಟ ಕವನಳ ಕಡೆಗೆ ವಾಲಿತು. ಅವಳು ಅವನ ಎದೆಮಟ್ಟಕ್ಕಿದ್ದಳು. ಹೂವೆಲ್ಲ ಅವಳ ಮೇಲೆ ಜಾರಿತು, ಅಪ್ಪನ ತಲೆಯೂ ಆ ಕಡೆಗೆ ಸರಿಯಿತು. ಹೆಂಗಸರು ಕೂಗಿಕೊಂಡರು.

"ಬುಡವ್ವ, ನಿನ್ ಕೈಲಾಗಕಿಲ್ಲ," ಎಂದ ಮಾದೇಶ ಮುಂದಿನಿಂದಲೇ.

"ಇರ್ಲಿ, ನಾನ್ ಬಗ್ತೀನಿ," ಎಂದು ರಾಹುಲ್ ಮಂಡಿ ಮಡಿಸಿ ಅವಳಷ್ಟಕ್ಕೆ ಕುಗ್ಗಿದ. "ನಡೀರಿ."

ಕಪಿಲಾ ಹೊಳೆಯ ಹತ್ತಿರದ ಮಸಣ ಅಲ್ಲಿಂದ ದೂರ. ಹಾಗೆ ಕುಕ್ಕರಿಸಿಕೊಂಡು ನಡೆದರೆ ಅವನ ಸೊಂಟ ಉಳಿಯುತ್ತಿರಲಿಲ್ಲ.

"ಇಳಿಸಿ," ಎಂದಳು ಕವನ. "ಇಳಿಸಿ ಚಿಕ್ಕಪ್ಪ. ಅಣ್ಣ, ನೀವು ಬಗ್ಗಬೇಡಿ. ನೆಟ್ಟಗೆ ನಿಂತ್ಕಳಿ." ತಾಯಿಯ ಕಡೆ ತಿರುಗಿದಳು. "ಅವ್ವ, ಒಂದ್ ಕಂಬ್ಳಿ ಕೊಡು."

ಚಲುವಮ್ಮ ಕೂತೇ ಇದ್ದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಎದ್ದಳು, ಒಳಗೆ ಹೋದಳು, ಕಂಬಳಿ ತಂದು ನಡುಬೀದಿಯಲ್ಲಿ ಕೊಡವಿ ಮಡಿಸಿ ಮಗಳ ಹೆಗಲ ಮೇಲಿಟ್ಟಳು. ಬೀದಿಗೆ ಬೀದಿಯೇ ನಿಂತು ನೋಡಿತು.

"ಸಾಲ್ದು ಅವ್ವ. ಇನ್ನೊಂದ್ ಮಡಿಕೆ."

ಚಲುವಮ್ಮ ಬಿಚ್ಚಿ, ಇನ್ನೂ ದಪ್ಪಕ್ಕೆ ಮಡಿಸಿ ಇಟ್ಟಳು. ಅದು ಜಾರದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದು ಮಗಳ ಪಕ್ಕದಲ್ಲೇ ನಿಂತಳು.

"ಈಗ ಎತ್ತಿ," ಎಂದಳು ಕವನ.

ರಾಹುಲ್ ತನ್ನ ಪೂರ್ತಿ ಎತ್ತರಕ್ಕೆ ಎದ್ದು ನಿಂತ. ಚಟ್ಟ ಎದ್ದಿತು. ಮಂಟೇಸ್ವಾಮಿಯ ಎದೆಯ ಮೇಲಿನ ಹೂವು ಅಲ್ಲಾಡದೆ ಅಲ್ಲೇ ಉಳಿಯಿತು.